ದೊಡ್ಡಮ್ಮ ಫೋನಿನಲ್ಲಿ ಹಿಡಿಸುತ್ತಿಲ್ಲ

ಆಗಸ್ಟ್ 1

ಎದೆ ಡವಗುಟ್ಟಿದಾಗೆಲ್ಲ ಮಾತ್ರೆ ಕೇಳಿಕೊಂಡು ಬರಬೇಡ, ಬರೆ ಅಂತ ಆಸ್ಪತ್ರೆಯ ನರ್ಸಮ್ಮ ಹೇಳಿದ್ದಾಳೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಏನು ಬರೆಯಲಿ ಅಂದೆ. ಎದೆ ಯಾಕೆ ಡವಗುಟ್ಟುತ್ತದೋ ಅದನ್ನೇ ಬರೆ ಅಂದಳು. ಹಾಗಾದರೆ ಬರೆಯುವುದು ಬಹಳ ಇದೆ.

ಇವತ್ತು ಆಗಸ್ಟ್ ಹುಟ್ಟಿತು. ಮುದುಕರಿರುವ ಮನೆಯವರಿಗೆ ಈ ತಿಂಗಳು ಅಂದರೆ ದಿಗಿಲು. ಗಾಳಿ ಬೀಸುತ್ತದೆ, ಬೀಸುವಾಗ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅದು ತಾಗದಿರಲಿ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಬ್ಬಿನ ಸಾರಾಯಿಗೆ ನಿಂಬೆ ಹಿಂಡಿ, ರೂದಾ ಅನ್ನುವ ಘಾಟು ಸೊಪ್ಪು ಜಜ್ಜಿ ಹಾಕಿ ದೊಡ್ಡಮ್ಮನಿಗೆ ಮೂರು ಗುಟುಕು ಕುಡಿಸಿದೆ. ನಾಲ್ಕನೆಯದು ಕೇಳಿದಳು. ಕೊಡಲಿಲ್ಲ. ಉಳಿದ ರೂದಾ ಕಡ್ಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ತಿಂಗಳು ಮುಗಿಯುವವರೆಗೆ ಅಲ್ಲೇ ಇರುತ್ತದೆ, ಬಾಡಿದರೆ ಹೊಸದು.

ದೊಡ್ಡಮ್ಮ ಅಂದರೆ ಗುಮೆರ್ಸಿಂದಾ, ನಮ್ಮಮ್ಮನ ಅಕ್ಕ, ನನ್ನನ್ನು ಸಾಕಿದವಳು. ಅವಳ ಗಂಡ ನದಿಯ ಸರಕು ಹಡಗಿನಲ್ಲಿದ್ದ, ಆ ಪಿಂಚಣಿ ಅವಳಿಗೆ ಬರುತ್ತದೆ.

ಸಾರಾಯಿ ಇಳಿಯುವ ಮೊದಲೇ ಫೋನು ಗುಂಯ್ ಅಂದಿತು. ಪಿಂಚಣಿ ಕಚೇರಿಯದು. "ಪಿಂಚಣಿದಾರರು ತಾವು ಜೀವಂತವಿರುವುದನ್ನು ಇನ್ನು ಮುಂದೆ ವೆಬ್‌ಸೈಟಿನಲ್ಲಿ ಮಾತ್ರ ತೋರಿಸತಕ್ಕದ್ದು. ತಪ್ಪಿದಲ್ಲಿ ಆಗಸ್ಟ್ ಕೊನೆಗೆ ಮೃತರೆಂದು ಪರಿಗಣಿಸಲಾಗುವುದು."

ಹೋದ ವರ್ಷದವರೆಗೆ ಕಿಟಕಿಯ ಮುಂದೆ ಹೋಗಿ ನಿಂತರೆ ಸಾಕಿತ್ತು. ಒಳಗಿನವಳು ತಲೆಯೆತ್ತಿ ನೋಡಿ, "ಇದ್ದೀರಲ್ಲ ಅಜ್ಜಿ" ಅಂದು ಮುದ್ರೆ ಒತ್ತುತ್ತಿದ್ದಳು. ಈಗ ಆ ಕಿಟಕಿಗೆ ಹಲಗೆ ಹೊಡೆದಿದ್ದಾರೆ.

ಬೀದಿ ಕೊನೆಯ ದೋನ್ ಎಲಿಹಿಯೊ ನೆನಪಾದ. ಬದುಕಿದ್ದಾಗಲೇ ಪಟ್ಟಿಯಿಂದ ಬಿಟ್ಟುಹೋಗಿದ್ದ. ನಾನಿದ್ದೇನೆ ನಾನಿದ್ದೇನೆ ಅಂತ ಅಲೆದು ಅಲೆದು ನಿಜವಾಗಿ ಸತ್ತ. ಆಮೇಲೆ ಬದುಕಿದ್ದಾನೆ ಅಂತ ಕಾಗದ ಬಂತು. ಹೆಂಡತಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದಾಳೆ.

ನಾನು ನಾಲ್ಕನೆಯ ಗುಟುಕು ಕುಡಿದೆ.

ಆಗಸ್ಟ್ 3

ಆ ಪುಟ ತೆರೆದೆ. ಅಕ್ಷರಗಳು ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗಿವೆ. ಎರಡು ಬೆರಳಿನಿಂದ ಹಿಗ್ಗಿಸಿದರೆ ಬರಿಯ ಒಂದು ಮೂಗು ಬಂತು. ಹೆದರಿ ಕುಗ್ಗಿಸಿದೆ. ಮೇಲ್ಗಡೆ ನಗುತ್ತಿರುವ ಮುದುಕ ಮುದುಕಿಯ ಚಿತ್ರ ಹಾಕಿದ್ದಾರೆ, ಅದರ ಮೂಗು. ಅವರಿಬ್ಬರಿಗೇ ಅರ್ಧ ಫೋನು ಹೋಗುತ್ತದೆ.

ಕೆಳಗೊಂದು ದುಂಡನೆಯ ಗೆರೆ. ಅದರೊಳಗೆ ಮುಖ ಇಡಬೇಕು. ಮುಖ ಒಳಗಿರುವಾಗಲೇ "ನಾನು ಬದುಕಿದ್ದೇನೆ" ಅನ್ನುವ ಗುಂಡಿ ಒತ್ತಬೇಕು. ನಮ್ಮ ಫೋನಿನಲ್ಲಿ ದುಂಡಿನ ಎಡ ಅರ್ಧ ಕಾಣುತ್ತದೆ. ದೊಡ್ಡಮ್ಮನ ಒಂದು ಕಣ್ಣು, ಅರ್ಧ ಬಾಯಿ, ರೂದಾ ಕಡ್ಡಿ. ಬಲ ಅರ್ಧ ಅಂಚಿನಾಚೆ. ಗುಂಡಿ ಅದಕ್ಕೂ ಆಚೆ. ಪುಟವನ್ನು ಎಡಕ್ಕೆ ದೂಡಿದರೆ ಗುಂಡಿ ಬರುತ್ತದೆ, ದೊಡ್ಡಮ್ಮ ಹೋಗುತ್ತಾಳೆ. ದೊಡ್ಡಮ್ಮ ಬಂದರೆ ಗುಂಡಿ ಹೋಗುತ್ತದೆ. ಕೈ ಬಿಟ್ಟರೆ ಪುಟ ರಬ್ಬರಿನ ಹಾಗೆ ವಾಪಸ್ಸು ಜಿಗಿಯುತ್ತದೆ.

"ದಯವಿಟ್ಟು ಕಾಯಿರಿ" ಅಂತ ಬಂತು. ಕಾದೆವು. ಒಂದು ಚಕ್ರ ತಿರುಗಿತು. ಆಮೇಲೆ "ಮುಖ ಪೂರ್ತಿ ಇಲ್ಲ" ಅಂತ ಬಂತು.

"ನನ್ನ ಮುಖ ಪೂರ್ತಿ ಇಲ್ವಂತಾ?" ಅಂದಳು ದೊಡ್ಡಮ್ಮ.

ನಾನು ಫೋನಿಗೆ ಕ್ಷಮಿಸಿ ಅಂದೆ. ಬಾಯಿ ತಪ್ಪಿ ಬಂತು. ದೊಡ್ಡಮ್ಮ ಕೇಳಿಸಿಕೊಂಡಳು.

ಆಗಸ್ಟ್ 4

ತೆರೆರೆಗೆ, ಅಂದರೆ ತಣ್ಣೀರಿನಲ್ಲಿ ನೆನೆಸಿ ಹೀರುವ ಎಲೆ ಚಹಾಕ್ಕೆ, ಹಾಕುವ ಸೊಪ್ಪು ಬೇರು ಜಜ್ಜಿ ಮಾರುವುದು ನನ್ನ ಕೆಲಸ. ಸಂತೆ ಮೂಲೆಯಲ್ಲಿ ಒಂದು ಮೇಜು, ಒಂದು ಮರದ ಒರಳು. ಪಕ್ಕದ ಮನೆ ಮೆಲಾನಿಯಾ ದಿನಾ ಪುದೀನಕ್ಕೆ ಬರುತ್ತಾಳೆ, ಪುದೀನಕ್ಕಿಂತ ಹೆಚ್ಚು ಸುದ್ದಿಗೆ. ಈ ಫೋನು ಅವಳದೇ ಹಳೆಯದು.

"ಫೋನಿನ ಮೇಲೆ ತಪ್ಪು ಹೊರಿಸ್ಬೇಡ ನಿಮಿಯಾ. ನನ್ನ ಹತ್ರ ಇದ್ದಾಗ ಚಿನ್ನದಂಗಿತ್ತು."

"ಹೊರಿಸ್ತಿಲ್ಲ ಮೆಲಾನಿಯಾ. ನನ್ನ ಹೆಬ್ಬೆಟ್ಟಿನದೇ ತಪ್ಪು ಅನ್ಸತ್ತೆ. ಕುಟ್ಟಿ ಕುಟ್ಟಿ ದಪ್ಪ ಆಗಿದೆ."

"ಅದು ಹೌದು. ಹೆಬ್ಬೆಟ್ಟಲ್ಲ ಅದು, ಒನಕೆ. ಸ್ವಲ್ಪ ಅಭ್ಯಾಸ ಮಾಡ್ಕೋ. ಜನ ಎಲ್ಲಾ ನೋಡೋ ಪುಟ ಇರ್ತಾವಲ್ಲ, ಅದ್ರಲ್ಲಿ ಕೈ ಪಳಗಿಸು. ಆಮೇಲೆ ಸರ್ಕಾರದ್ದಕ್ಕೆ ಹೋಗು."

ಅವಳ ಹೊಸ ಫೋನಿನಲ್ಲಿ ಒಂದು ಸಲ ನೋಡಬಹುದಾ ಅಂತ ಕೇಳಿದೆ. ಕೇಳಬಾರದಿತ್ತೇನೋ. ಕೊಟ್ಟಳು. ಅದರಲ್ಲಿ ಪುಟ ಬಿಳಿ. ಬರಿಯ ಬಿಳಿ, ಒಗೆದು ಹಾಕಿದ ದುಪ್ಪಟಿಯ ಹಾಗೆ.

"ನೋಡು, ಎಷ್ಟು ಸ್ವಚ್ಛ ಕಾಣತ್ತೆ ನನ್ನ ಫೋನಲ್ಲಿ" ಅಂದಳು.

ಆಗಸ್ಟ್ 6

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಭ್ಯಾಸ ಮಾಡಿದೆ. ಏನೇನು ಕಂಡೆನೋ ಬರೆಯುತ್ತೇನೆ, ನರ್ಸಮ್ಮ ಕೇಳಿದರೆ ಇರಲಿ.

ಲಾಟರಿಯ ಪುಟ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಅಂಕಿಗಳು ಕಿತ್ತಳೆ ಹಣ್ಣಿನಷ್ಟು ದೊಡ್ಡವು. ದೊಡ್ಡಮ್ಮ ಕನ್ನಡಕ ಇಲ್ಲದೆ ಓದಿದಳು. ಸಾಲ ಕೊಡುವವರ ಪುಟವೂ ಹಾಗೇ, ಒತ್ತುವ ಜಾಗ ಹೆಬ್ಬೆಟ್ಟನ್ನು ಹುಡುಕಿಕೊಂಡು ತಾನೇ ಬರುತ್ತದೆ. ಕಾಲ್ಚೆಂಡಿನದೂ ಚೆನ್ನಾಗಿದೆ, ಚೆಂಡು ಮಾತ್ರ ಅಂಚಿಗೆ ಸಿಕ್ಕಿಕೊಂಡಿತ್ತು.

ಪತ್ರಿಕೆಯ ಪುಟದಲ್ಲಿ ಒಂದು ಹಾಸಿಗೆ ಜಾಹೀರಾತು ಬೆನ್ನು ಹತ್ತುತ್ತದೆ. ಮೇಲೆ ಹೋದರೆ ಮೇಲೆ ಬರುತ್ತದೆ, ಕೆಳಗೆ ಹೋದರೆ ಕೆಳಗೆ. ಯಾರೋ ಮಂತ್ರಿ ಏನೋ ಹೇಳಿದ್ದಾನೆ, ಏನು ಅನ್ನುವುದು ಹಾಸಿಗೆಯ ಕೆಳಗಿದೆ. ಹವಾಮಾನದ ಪುಟದಲ್ಲಿ ಸೂರ್ಯ ಎಷ್ಟು ದೊಡ್ಡ ಅಂದರೆ ಮಳೆ ಇದೆಯೋ ಇಲ್ಲವೋ ಕಾಣುವುದಿಲ್ಲ. ಬ್ಯಾಂಕಿನ ಪುಟ ಮುಚ್ಚಲು ಒಂದು ಕತ್ತರಿ ಗುರುತು ಇದೆಯಂತೆ. ಕಾಣಲಿಲ್ಲ. ಫೋನೇ ಆರಿಸಬೇಕಾಯಿತು.

ನೋಡಿ ನೋಡಿ ಅಭ್ಯಾಸವಾಗಿ, ಸಂಜೆ ಬಸ್ಸಿನಲ್ಲಿ ಪಕ್ಕದ ದಪ್ಪ ಮನುಷ್ಯ ಸೀಟಿನ ಆಚೆ ಚೆಲ್ಲಿದ್ದು ನೋಡಿ ಎರಡು ಬೆರಳು ಕೂಡಿಸಿ ಕುಗ್ಗಿಸಲು ಹೋದೆ. ಅವನು ನೋಡಿದ. ನಾನು ತಲೆ ತಗ್ಗಿಸಿ ನನ್ನನ್ನೇ ಕುಗ್ಗಿಸಿಕೊಂಡೆ.

ಆಗಸ್ಟ್ 9

ಫೋನು ರಿಪೇರಿಯ ದೋನ್ ಅರ್ಸೇನಿಯೊ ಹತ್ತಿರ ಹೋದೆ. ಅವನ ಅಂಗಡಿ ಅಂದರೆ ಕಟಿಂಗ್ ಶಾಪಿನ ಅರ್ಧ ಮೇಜು. ಇದ್ದ ಒಂದು ಕಂಪ್ಯೂಟರಿನ ಕ್ಯಾಮೆರಾ ಕಣ್ಣಿಗೆ ಕಟಿಂಗಿನವನ ಸೋಪಿನ ನೊರೆ ಹಾರಿ ಕುರುಡಾಗಿದೆ. ಶಾಲೆಯಲ್ಲಿ ಕಂಪ್ಯೂಟರಿನ ಕೋಣೆಯಿದೆ, ಬೀಗದ ಕೈ ದೊಡ್ಡ ಟೀಚರ ಹತ್ತಿರ, ಅವರು ಅಸುನ್ಸಿಯೋನಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಾರೆ.

"ನನ್ನ ಹೆಬ್ಬೆಟ್ಟಿನದೇ ತಪ್ಪಲ್ವಾ?" ಅಂದೆ.

"ಹೆಬ್ಬೆಟ್ಟಲ್ಲ ಅಮ್ಮ. ಆ ಪುಟ ಮಾಡಿದವನು ದೊಡ್ಡ ಮೇಜು, ದೊಡ್ಡ ಪರದೆ ಇಟ್ಕೊಂಡು ಕೂತಿದ್ದ. ಅವನಿಗೆ ಚೆನ್ನಾಗೇ ಕಂಡಿರತ್ತೆ. ಊಟಕ್ಕೆ ಎದ್ದು ಹೋದ."

"ಹಾಗಾದ್ರೆ ನಾವೇನ್ ಮಾಡೋದು?"

"ಫೋನ್ ಅಡ್ಡ ಹಿಡೀರಿ."

ಅಡ್ಡ ಹಿಡಿದೆ. ಪುಟ ಅಗಲವಾಯಿತು. ದುಂಡೂ ಪೂರ್ತಿ, ಗುಂಡಿಯೂ ಪೂರ್ತಿ. ನನಗೆ ಅಳು ಬಂತು. ಆದರೆ ಪುಟ ಮಾತ್ರ ತಿರುಗಿತ್ತು, ಕ್ಯಾಮೆರಾ ತೋರಿಸುವ ಮುಖ ತಿರುಗಿರಲಿಲ್ಲ. ದುಂಡಿನೊಳಗೆ ನನ್ನ ಮುಖ ಗೋಡೆಗೆ ಒರಗಿಸಿದ ಏಣಿ ಜಾರಿದ ಹಾಗೆ ಅಡ್ಡ ಬಿದ್ದಿತ್ತು. "ಮುಖವನ್ನು ನೇರವಾಗಿಡಿ" ಅಂತ ಬಂತು.

ಅರ್ಸೇನಿಯೊ ಗಡ್ಡ ಕೆರೆದುಕೊಂಡ. "ನಿಮ್ಮ ದೊಡ್ಡಮ್ಮನ್ನ ಮಲಗಿಸಿದ್ರೆ ಫೋನಿಗೆ ನೇರ ಆಗ್ತಾರೆ."

ಆಗಸ್ಟ್ 13

ಇವತ್ತು ಆದದ್ದನ್ನು ಒಂದೊಂದಾಗಿ ಬರೆಯುತ್ತೇನೆ.

ಮಂಚ ನಡುವೆ ಕುಸಿದಿದೆ, ಮುಖ ಅಲುಗುತ್ತದೆ. ಅದಕ್ಕೆ ಊಟದ ಮೇಜಿನ ಮೇಲೆ ಮಲಗಿಸಿದೆ. ಹಿಂದೆ ಏನೂ ಕಾಣಬಾರದು ಅಂತ ಪುಟ ಹೇಳುತ್ತದೆ, ಅದಕ್ಕೆ ಬಿಳಿ ದುಪ್ಪಟಿ ಹಾಸಿದೆ. ಕನ್ನಡಕ ಬೇಡ ಅನ್ನುತ್ತದೆ, ತೆಗೆದೆ. ನಗಬಾರದು, ಬಾಯಿ ಮುಚ್ಚಿರಬೇಕು. ಕೈ ಅಲ್ಲಾಡಿಸದಿರಲಿ ಅಂತ ಎದೆಯ ಮೇಲೆ ಜೋಡಿಸಿದೆ. ಗಾಳಿಗೆ ಬೆಳಿಗ್ಗೆಯೇ ಕರೆಂಟು ಹೋಗಿತ್ತು, "ಬೆಳಕು ಸಾಲದು" ಅಂತ ಬಂತು. ತಲೆಯ ಎರಡೂ ಕಡೆ ಮೇಣದ ಬತ್ತಿ ಹಚ್ಚಿದೆ. ಇನ್ನೂ ಸಾಲದು ಅಂತು. ಬೀದಿ ಬಾಗಿಲು ಪೂರ್ತಿ ತೆಗೆದಿಟ್ಟೆ.

"ದಯವಿಟ್ಟು ಕಾಯಿರಿ" ಅಂತ ಬಂತು. ಚಕ್ರ ತಿರುಗತೊಡಗಿತು.

"ದೊಡ್ಡಮ್ಮ, ಮಿಸುಕಾಡಬೇಡ. ನಾನು ಹೇಳೋವರೆಗೆ."

ಚಕ್ರ ತಿರುಗುತ್ತಲೇ ಇತ್ತು, ಮೇಣದ ಬತ್ತಿಯ ಬೆಳಕು ಕುಕ್ಕಿ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಬಾಗಿಲಲ್ಲಿ ಮೆಲಾನಿಯಾ ಕಂಡಳು. ನೋಡಿದಳು. ತಲೆಗೆ ಶಾಲು ಎಳೆದುಕೊಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಹಾಗೇ ಹೋದಳು. ಏನೋ ಹೇಳಬೇಕಿತ್ತು. ಫೋನು ಅಲ್ಲಾಡುತ್ತದೆ ಅಂತ ನಾನು ಬಾಯಿ ಬಿಡಲಿಲ್ಲ.

ನಮ್ಮ ಬೀದಿಯಲ್ಲಿ ಇಂಥ ಹೊತ್ತಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಕುರ್ಚಿ ತರುತ್ತಾರೆ. ಚಕ್ರ ಇನ್ನೂ ತಿರುಗುತ್ತಿರುವಾಗಲೇ ಕುರ್ಚಿಗಳು ಬಂದವು, ಫ್ಲಾಸ್ಕಿನಲ್ಲಿ ಕಾಫಿ ಬಂತು, ಸತ್ತವರ ಮನೆಯಲ್ಲಿ ಜಪ ಹೇಳಿಸುವ ಕಾಂದಿದಾ ಅಜ್ಜಿ ಮಣಿಮಾಲೆ ಹಿಡಿದು ಬಂದು ಶುರು ಮಾಡೇಬಿಟ್ಟಳು. ನಾನು ಕಣ್ಣಲ್ಲೇ ಬೇಡ ಬೇಡ ಅಂದೆ. ಕಾಂದಿದಾ ನನ್ನ ಬೆನ್ನು ಸವರಿ, "ಅಳು ಮಗಾ, ತಡೀಬೇಡ" ಅಂದಳು. ನಾನು ಅತ್ತೆ. ಯಾಕೆ ಅಂತ ಗೊತ್ತಿಲ್ಲ. ಫೋನು ಮಾತ್ರ ಅಲ್ಲಾಡಿಸಲಿಲ್ಲ.

ಮೆಲಾನಿಯಾ ಮೇಜಿನ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು, "ಬಾಯಿ ಜೋರಿತ್ತು ನಿಜ. ಆದ್ರೆ ಕೈ ದೊಡ್ಡದು. ಏನ್ ಕೇಳಿದ್ರೂ ಇಲ್ಲ ಅಂತಿರಲಿಲ್ಲ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಹಾಗಾದ್ರೆ ನನ್ನ ಕಬ್ಬಿಣದ ಪಾತ್ರೆ ವಾಪಸ್ ತಂದಿಡು."

ಇಬ್ಬರು ಕುರ್ಚಿಯಿಂದ ಬಿದ್ದರು. ಮೆಲಾನಿಯಾ ಬೀಳಲಿಲ್ಲ. "ಯಾವ ಪಾತ್ರೆ?" ಅಂದಳು.

ಪುಟ "ಮುಖ ಅಲುಗಾಡಿದೆ, ಮೊದಲಿನಿಂದ ಪ್ರಾರಂಭಿಸಿ" ಅಂದಿತು.

ಆಗಸ್ಟ್ 14

ಎಲ್ಲರೂ ಮತ್ತೆ ಬಂದರು. ನಾನು ವಿವರಿಸಿದೆ. ಕ್ಷಮೆ ಕೇಳಿದೆ. ಕಾಂದಿದಾ ಒಪ್ಪಲಿಲ್ಲ.

"ಶುರು ಮಾಡಿದ ಜಪ ನಡುವೆ ಬಿಡೋ ಹಾಗಿಲ್ಲ ಮಗಾ. ಒಂಬತ್ತು ದಿನ ಆಗ್ಲೇಬೇಕು."

"ಆದ್ರೆ ದೊಡ್ಡಮ್ಮ ಇದ್ದಾಳಲ್ಲ ಅಜ್ಜಿ."

"ಇರ್ಲಿ ಬಿಡು. ಅವಳೂ ಕೂತ್ಕೊಂಡು ಹೇಳ್ಲಿ."

ದೊಡ್ಡಮ್ಮ ಮರಗೆಣಸಿನ ಹಿಟ್ಟು, ಚೀಸು ಕಲಸಿ ಚಿಪಾ ರೊಟ್ಟಿ ಬೇಯಿಸಿದಳು. ತನ್ನ ಆತ್ಮಕ್ಕೆ ಶಾಂತಿ ಕೋರಿ ಬಂದವರಿಗೆಲ್ಲ ಕೈಯಾರೆ ಕೊಟ್ಟಳು.

ಆಗಸ್ಟ್ 15

ಮೂರು ಸಲ ಮಲಗಿಸಿದೆ. ಮೊದಲ ಸಲ ಸೀನಿದಳು. ಎರಡನೆಯ ಸಲ ಸಿಗ್ನಲ್ ಹೋಯಿತು. ಮೂರನೆಯ ಸಲ ನಿಜವಾಗಿ ನಿದ್ದೆ ಹೋದಳು, ಗೊರಕೆ. "ಕಣ್ಣು ತೆರೆಯಿರಿ" ಅಂತ ಪುಟ. ಎಬ್ಬಿಸಲು ಮನಸ್ಸಾಗಲಿಲ್ಲ.

ಆಗಸ್ಟ್ 17

ಜಪ ಮುಗಿದ ಮೇಲೆ ಫೋನು ಕೈಯಿಂದ ಕೈಗೆ ಹೋಯಿತು. ಯಾರದೋ ಬೆರಳು ಎಲ್ಲಿಗೋ ತಾಗಿ ಬೇರೆ ಪುಟ ತೆರೆಯಿತು, ಅದೇ ಕಚೇರಿಯದು. "ಸಾವನ್ನು ತಿಳಿಸಲು."

ಇಂಥ ಪುಟ ನಾನು ನೋಡಿಲ್ಲ. ಲಾಟರಿಯದಕ್ಕಿಂತ ಚೆಂದ. ಅಕ್ಷರ ದುಂಡಗೆ, ದೊಡ್ಡದಾಗಿ. ಅಂಚಿನಿಂದ ಅಂಚಿಗೆ ಸರಿಯಾಗಿ ಕೂತಿದೆ. ಮೇಲೆ ಒಂದು ಬಿಳಿ ಹೂ. ನಂಬರು ಬರೆಯಲು ಒಂದೇ ಜಾಗ, ಒತ್ತಲು ಒಂದೇ ಗುಂಡಿ, ಚಿಪಾದಷ್ಟು ಅಗಲ. ಎಲ್ಲರೂ ಬಗ್ಗಿ ನೋಡಿದರು.

"ಸಾಯೋರಿಗೆ ಎಷ್ಟು ಅನುಕೂಲ ಮಾಡ್ಕೊಟ್ಟಿದ್ದಾರೆ ನೋಡ್ರೇ" ಅಂದಳು ಮೆಲಾನಿಯಾ. "ನಂಬರ್ ಹಾಕಿ ನೋಡು ನಿಮಿಯಾ, ಹಿಡಿಸತ್ತಾ ಅಂತ."

ಬೇಡ ಅನ್ನಬೇಕು ಅನ್ನಿಸಿತು. ಅವಳು ಕೊಟ್ಟ ಫೋನಲ್ಲವಾ, ಹಾಕಿದೆ. ಹಿಡಿಸಿತು. ದೊಡ್ಡಮ್ಮನ ಗುರುತಿನ ನಂಬರು ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿರಲಿಲ್ಲ. ಹಾಗೇ ಬಿಟ್ಟು ಫೋನು ಎತ್ತಿಟ್ಟೆ.

ಆಗಸ್ಟ್ 19

ದೇವರೇ.

ಆಗಸ್ಟ್ 20

ನಿನ್ನೆ ಬರೆಯಲಾಗಲಿಲ್ಲ.

ಫೋನು ತೆಗೆದಾಗ ಆ ಹೂವಿನ ಪುಟ ಹಾಗೇ ಇತ್ತು, ನಂಬರಿನ ಸಮೇತ. ಹಿಂದಕ್ಕೆ ಹೋಗುವ ಗುರುತಿನ ಮೇಲೆ ಹೆಬ್ಬೆಟ್ಟು ಇಳಿಸಿದೆ. ಇಳಿಸುತ್ತಿರುವಾಗ ಮೇಲುಗಡೆ ಏನೋ ತಡವಾಗಿ ಬಂದು ಕೂತಿತು, ಹೂಗುಚ್ಛ ಮಾರುವವರ ಜಾಹೀರಾತು, ಇಡೀ ಪುಟ ಒಂದು ಅಂಗುಲ ಕೆಳಗೆ ಜಾರಿತು. ಹೆಬ್ಬೆಟ್ಟು ಎಲ್ಲಿಗೆ ಹೊರಟಿತ್ತೋ ಅಲ್ಲಿಗೇ ಇಳಿಯಿತು. ಅಷ್ಟರಲ್ಲಿ ಅಲ್ಲಿಗೆ ಗುಂಡಿ ಬಂದಿತ್ತು.

ಚಕ್ರ ತಿರುಗಲಿಲ್ಲ. ಕಾಯಿರಿ ಅನ್ನಲಿಲ್ಲ. ಒಂದೇ ಕ್ಷಣ. "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು." ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ ಓದಿದ್ದು ಕಣ್ಣು ಮುಚ್ಚಿದರೂ ಕಾಣುತ್ತಿದೆ. ಕೆಳಗೆ ಇನ್ನೊಂದು ಸಾಲು: "ಮಾಹಿತಿ ತಪ್ಪಾಗಿದ್ದಲ್ಲಿ ಮೃತರು ತಿಂಗಳ ಕೊನೆಯೊಳಗೆ ಖುದ್ದಾಗಿ ಜೀವಂತ ಪುಟದಲ್ಲಿ ಮುಖ ತೋರಿಸಿ ಗುಂಡಿ ಒತ್ತತಕ್ಕದ್ದು."

ಇವತ್ತು ಬೆಳಿಗ್ಗೆ ದೊಡ್ಡಮ್ಮನಿಗೆ ಹೇಳಿದೆ. ಅವಳು ಬಿಸಿಲಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

"ಯಾವಾಗ?"

"ನಿನ್ನೆ. ಮಧ್ಯಾಹ್ನ."

"ಗೊತ್ತೇ ಆಗ್ಲಿಲ್ಲ ನೋಡು" ಅಂದಳು. "ಮಲ್ಕೊಂಡಿದ್ದೆ." ಇನ್ನೊಂದು ಕಾಲಿಗೆ ಎಣ್ಣೆ ಹಚ್ಚಿದಳು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು, "ನಿಮಿಯಾ, ನಾನು ಎಲಿಹಿಯೊ ಥರ ಆಗ್ಬಿಡ್ತೀನಾ? ನನ್ನ ಕಾಗದ ಗೋಡೆ ಮೇಲೆ ತೂಗ್ಹಾಕ್ಬೇಡ ಕಣೇ."

ಅವಳ ದನಿ ಹಾಗೆ ಸಣ್ಣದಾದದ್ದು ನಾನು ಕೇಳಿರಲಿಲ್ಲ. ಕೋಪ ಬಂತು. ಯಾರ ಮೇಲೆ ಅಂತ ಹುಡುಕಿದೆ. ಹೆಬ್ಬೆಟ್ಟು ನೋಡಿದೆ. ಹೆಬ್ಬೆಟ್ಟು ಹೋಗಬೇಕಾದ ಕಡೆಯೇ ಹೋಗಿತ್ತಲ್ಲ. ಜಾಗ ಬದಲಾಯಿಸಿದ್ದು ಅದಲ್ಲ.

ಆಗಸ್ಟ್ 21

ಒಂಬತ್ತನೆಯ ಜಪ. ಇವತ್ತು ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿಡಬೇಕು. ಏನು ಇಷ್ಟ ಅಂತ ಕೇಳಿದರೆ ದೊಡ್ಡಮ್ಮ ಬೆಳಗಿನಿಂದ ಹೇಳುತ್ತಲೇ ಇದ್ದಳು. ಬೀದಿಯೆಲ್ಲ ಬಂದಿತ್ತು. ಕಚೇರಿಯೂ ಒಪ್ಪಿಕೊಂಡಿದೆ ಅಂದ ಮೇಲೆ ಈ ಸಲ ಬಟ್ಟೆ ಕಪ್ಪೇ ಹಾಕಿಕೊಂಡು ಬಂದಿದ್ದರು.

ಅರ್ಸೇನಿಯೊ ಚಿಪಾ ಅಗಿಯುತ್ತಾ ಅಂದ, "ಕಂಪ್ಯೂಟರ್ ನೋಟ ಅಂತ ಒಂದಿದೆಯಲ್ಲ, ಅದು ಮಾಡಿ ನೋಡಿದ್ರಾ?"

"ಏನದು?"

"ಮೂಲೇಲಿ ಮೂರು ಚುಕ್ಕೆ ಇರತ್ತಲ್ಲ, ಅದರೊಳಗೆ. ಫೋನು ನಾನು ಕಂಪ್ಯೂಟರ್ ಅಂತ ಸುಳ್ಳು ಹೇಳತ್ತೆ, ಪುಟ ನಂಬತ್ತೆ."

"ಆವತ್ತೇ ಯಾಕೆ ಹೇಳಲಿಲ್ಲ?"

"ಮರ್ತಿದ್ದೆ. ಯಾರೂ ಬಳಸಲ್ಲ."

ನಾನು ಅವನ ಕೈಯಿಂದ ಚಿಪಾ ತೆಗೆದು ತಟ್ಟೆಗಿಟ್ಟು, "ಈಗ ಮಾಡು" ಅಂದೆ.

ಮಾಡಿದ. ಫೋನು ನೆಟ್ಟಗೇ ಇತ್ತು, ಇಡೀ ಪುಟ ಬಂತು, ಒಂದು ಚೂರೂ ಆಚೆ ಇಲ್ಲ. ಆದರೆ ಅಂಚೆ ಚೀಟಿಯ ಮೇಲೆ ಬರೆದ ಹಾಗೆ. ನಗುವ ಮುದುಕ ಮುದುಕಿ ಎರಡು ಅಕ್ಕಿ ಕಾಳು. ದುಂಡು ಒಂದು ಬಟಾಣಿ. ಗುಂಡಿ ಒಂದು ಎಳ್ಳು. ಹಿಗ್ಗಿಸುವ ಹಾಗಿಲ್ಲ, ಹಿಗ್ಗಿಸಿದರೆ ಮತ್ತೆ ಅದೇ ಕತೆ.

"ಕರೆಂಟಿದೆ, ದೀಪ ಹಾಕಿ. ಮೆಲಾನಿಯಾ, ನೀನು ಹಿಂದೆ ದುಪ್ಪಟಿ ಹಿಡಿ. ಮೇಲೆ ಎತ್ತು. ಇನ್ನೂ ಮೇಲೆ. ಕಾಂದಿದಾ ಅಜ್ಜಿ, ಒಂದ್ನಿಮಿಷ ಜಪ ನಿಲ್ಸಿ" ಅಂದೆ.

"ಜಪ ನಡುವೆ..."

"ನಿಲ್ಸಿ."

ನಿಲ್ಲಿಸಿದಳು. ದೊಡ್ಡಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ನಾನು ಎರಡೂ ಕೈಯಲ್ಲಿ ಫೋನು ಹಿಡಿದೆ. ಬಟಾಣಿಯೊಳಗೆ ಅವಳ ಇಡೀ ಮುಖ, ಎರಡೂ ಕಣ್ಣು, ಪೂರ್ತಿ ಬಾಯಿ. ದೊಡ್ಡಮ್ಮ ಬೆರಳು ಚಾಚಿದಳು. ಬೆರಳು ಇಳಿದ ಕಡೆ ನಾಲ್ಕು ಗುಂಡಿ ಒಟ್ಟಿಗೆ ಮುಚ್ಚಿಹೋದವು. ಪುಟ ಬೇರೆಲ್ಲೋ ಹೋಯಿತು. ಅರ್ಸೇನಿಯೊ ವಾಪಸ್ಸು ತಂದ. ಕಿರುಬೆರಳಿನಲ್ಲಿ ಒತ್ತಿದಳು. ಮತ್ತೆ ಹೋಯಿತು. ಯಾರೋ ಬೆಂಕಿಕಡ್ಡಿ ಕೊಟ್ಟರು, ಅದನ್ನು ಫೋನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಜೀವ ಇರೋದು ತಾಗಿದ್ರೆ ಮಾತ್ರ ಗೊತ್ತಾಗತ್ತೆ ಅದಕ್ಕೆ" ಅಂದ ಅರ್ಸೇನಿಯೊ. "ಇಲ್ಲಾ ಹಸಿ ಇರ್ಬೇಕು."

ದೊಡ್ಡಮ್ಮ ಕಿವಿಯ ಹಿಂದಿನಿಂದ ರೂದಾ ಕಡ್ಡಿ ತೆಗೆದಳು. ಬೆಳಿಗ್ಗೆ ತಾನೇ ಕಿತ್ತದ್ದು. ತುದಿಯನ್ನು ಬಾಯಿಯಲ್ಲಿ ಅದ್ದಿ ಒದ್ದೆ ಮಾಡಿದಳು, ಸೂಜಿಗೆ ಪೋಣಿಸುವ ದಾರದ ಹಾಗೆ. ಮುಖ ಅಲ್ಲಾಡಿಸದೆ, ನಗದೆ, ಕೈ ಮಾತ್ರ ಮುಂದೆ ತಂದು ಎಳ್ಳಿನ ಮೇಲಿಟ್ಟಳು.

"ದಯವಿಟ್ಟು ಕಾಯಿರಿ."

ಕಪ್ಪು ಬಟ್ಟೆಯ ಅಷ್ಟೂ ಜನ ಉಸಿರು ಹಿಡಿದು ನಿಂತಿದ್ದರು. ಗಾಳಿ ಮಾತ್ರ ಹೊರಗೆ ತಗಡು ಬಡಿಯುತ್ತಿತ್ತು.

"ಮುಖ ಗುರುತಿಸಲಾಗಿದೆ" ಅಂತ ಬಂತು. ಅದರ ಕೆಳಗೇ, ಬದುಕಿದ್ದಾಳೆ ಅನ್ನುವ ಮೊದಲೇ, ಇನ್ನೊಂದು ಬಂತು: "ನಮ್ಮ ವೆಬ್‌ಸೈಟು ನಿಮ್ಮ ಮೊಬೈಲಿನಲ್ಲಿ ಹೇಗೆ ಕಂಡಿತು? ಮುಂದುವರಿಯಲು ನಕ್ಷತ್ರ ನೀಡಿ." ಈಗ ಮಾತ್ರ ನಕ್ಷತ್ರ ದೊಡ್ಡದು, ಪರದೆಯಲ್ಲಿ ಒಂದೇ ಹಿಡಿಸುವಷ್ಟು. ಅದು ಐದನೆಯದು. ಉಳಿದ ನಾಲ್ಕು ಅಂಚಿನಾಚೆ.

"ಒತ್ತೇ, ಐದು ಒತ್ತು" ಅಂದಳು ಮೆಲಾನಿಯಾ. "ಸಿಟ್ಟು ಬಂದ್ರೆ ಮತ್ತೆ ಸಾಯಿಸ್ಬಿಡ್ತಾರೆ."

"ಒತ್ತು ಮಗಾ" ಅಂದಳು ಕಾಂದಿದಾ.

ನಾನು ಹೆಬ್ಬೆಟ್ಟಿನಿಂದ ಪುಟವನ್ನು ದೂಡಿದೆ. ಅದು ವಾಪಸ್ಸು ಜಿಗಿಯಿತು. ಮತ್ತೆ ದೂಡಿದೆ. ನಾಲ್ಕು ಬಂತು, ಜಿಗಿಯಿತು. ಮೂರು. ಮೆಲಾನಿಯಾ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು, ದುಪ್ಪಟಿ ದೊಡ್ಡಮ್ಮನ ತಲೆಯ ಮೇಲೆ ಬಿದ್ದಿತ್ತು. ದಿನಾ ಬೇರು ಕುಟ್ಟುವ ಕೈ ನನ್ನದು, ಅಷ್ಟಕ್ಕೆಲ್ಲ ಸೋಲುವುದಿಲ್ಲ. ಮೊದಲನೆಯ ನಕ್ಷತ್ರ ಬಂದಾಗ ಅಲ್ಲೇ ಒತ್ತಿ ಹಿಡಿದೆ.

"ಕಾರಣ ತಿಳಿಸಿ" ಅಂತು. ಬರೆದೆ: "ದೊಡ್ಡಮ್ಮ ಹಿಡಿಸಲಿಲ್ಲ."

"ಧನ್ಯವಾದಗಳು. ಗುಮೆರ್ಸಿಂದಾ ಅವರು ಜೀವಂತವಾಗಿದ್ದಾರೆ."

ದುಪ್ಪಟಿಯ ಒಳಗಿನಿಂದ ದೊಡ್ಡಮ್ಮ, "ಏನಂತೆ?" ಅಂದಳು.

"ಇದ್ದೀಯಂತೆ" ಅಂದೆ.

"ಹಾಗಾದ್ರೆ ಊಟಕ್ಕೆ ಹಾಕು."

ಕಾಂದಿದಾ ಉಳಿದ ಜಪ ಮುಗಿಸಿಯೇ ಬಿಟ್ಟಳು.

ಸೆಪ್ಟೆಂಬರ್ 1

ಇಷ್ಟು ದಿನ ಬರೆಯುವುದು ಮರೆತೇ ಹೋಗಿತ್ತು. ಯಾಕೋ.

ಗಾಳಿ ನಿಂತಿದೆ. ದೊಡ್ಡಮ್ಮ ಕಿವಿಯ ಕಡ್ಡಿ ತೆಗೆದು ಕುಂಡದಲ್ಲಿ ನೆಟ್ಟಿದ್ದಾಳೆ. ಮೆಲಾನಿಯಾ ಪಾತ್ರೆ ತಂದುಕೊಟ್ಟಳು, ಉಜ್ಜದೆ. ಉಜ್ಜಿಕೊಂಡು ಬಾ ಅಂತ ವಾಪಸ್ಸು ಕಳಿಸಿದೆ.

ಬೆಳಿಗ್ಗೆ ಒರಳಿನ ಮುಂದೆ ಕೂತಿದ್ದಾಗ ಫೋನು ಗುಂಯ್ ಅಂದಿತು. ಪಿಂಚಣಿ ಕಚೇರಿಯದು. "ಮೃತರು ಜೀವಂತವಿರುವುದು ಕಂಡುಬಂದಿರುವುದರಿಂದ, ಸಾವನ್ನು ತಿಳಿಸಿದವರು ತಾವು ಯಾರೆಂಬುದನ್ನು ವೆಬ್‌ಸೈಟಿನಲ್ಲಿ ಮುಖ ತೋರಿಸಿ ಸಾಬೀತುಪಡಿಸತಕ್ಕದ್ದು. ತಪ್ಪಿದಲ್ಲಿ ಸದರಿಯವರು ಅಸ್ತಿತ್ವದಲ್ಲಿಲ್ಲವೆಂದು ಪರಿಗಣಿಸಲಾಗುವುದು." ಇನ್ನೂ ಏನೋ ಇತ್ತು, ಅಂಚಿನಾಚೆ.

ಗಿರಾಕಿ ಕಾಯುತ್ತಿದ್ದ, ಜ್ವರದ ಬೇರು ಬೇಕಂತೆ.

ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, "ದಯವಿಟ್ಟು ಕಾಯಿರಿ" ಅಂದು, ಒನಕೆ ಎತ್ತಿಕೊಂಡೆ.